ದಂಡ ಬದಲಿಸುವುದಕ್ಕೂ ಖರ್ಚಿದೆ

ಮಾನ್ಯರೇ,

ಕಸ ಎಸೆಯುವವರಿಗೆ ದಂಡ ಹೆಚ್ಚಿಸಬೇಕೆಂಬ ಮಾತು ವಿಜಯಪುರದಲ್ಲಿಯೂ ಆಗಾಗ ಕೇಳಿಬರುತ್ತದೆ. ನಮ್ಮೂರಿನ ಐತಿಹಾಸಿಕ ಬಾವಿಯಾದ ತಾಜ್ ಬಾವಡಿಯಲ್ಲಿ ತುಂಬಿದ್ದ ಹೂಳು, ಕಸ ತೆಗೆಸಲು ಪಟ್ಟ ಶ್ರಮವನ್ನು ಕಂಡವರಿಗೆ ಈ ಸಿಟ್ಟು ಸಹಜವೇ. ಆದರೆ ದಂಡದ ಮೊತ್ತವನ್ನು ಬದಲಿಸುವುದಕ್ಕೇ ಸಾರ್ವಜನಿಕರ ಹಣ ಎಷ್ಟು ಹೋಗುತ್ತದೆ ಎಂಬುದು ಚರ್ಚೆಗೆ ಬರುವುದೇ ಇಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಥಳದಲ್ಲೇ ವಿಧಿಸುವ ದಂಡಕ್ಕೆ ಬೈಲಾ (ಉಪನಿಯಮ) ರೂಪಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಬೈಲಾ ತಿದ್ದುವುದೆಂದರೆ ಕರಡು ಪ್ರಕಟಿಸಬೇಕು, ಆಕ್ಷೇಪಣೆ ಆಲಿಸಬೇಕು, ಸರ್ಕಾರದ ಅನುಮೋದನೆ ಪಡೆಯಬೇಕು. ಅದಾದ ಮೇಲೆ ಹಳೆಯ ಮೊತ್ತ ಬರೆದ ಫಲಕಗಳನ್ನು ಕಿತ್ತು ಹೊಸವನ್ನು ನೆಡಬೇಕು, ರಸೀದಿ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಬೇಕು, ಆರೋಗ್ಯ ನಿರೀಕ್ಷಕರಿಗೆ ಹೊಸ ದರ ತಿಳಿಸಬೇಕು, ಜನರಿಗಾಗಿ ಧ್ವನಿವರ್ಧಕ ಕಟ್ಟಿದ ಆಟೊ ಓಡಿಸಬೇಕು. ಇದೆಲ್ಲ ನಾವು ಕಟ್ಟುವ ತೆರಿಗೆಯಿಂದಲೇ ಆಗಬೇಕು.

ಮೊತ್ತ ಹೆಚ್ಚಿದಷ್ಟೂ ವಸೂಲಿ ಕಷ್ಟವಾಗುತ್ತದೆ ಎಂಬುದು ನನ್ನ ಅನಿಸಿಕೆ. ಮಾರುಕಟ್ಟೆಯ ತಳ್ಳುಗಾಡಿಯವನಿಂದ ಅವನ ದಿನದ ದುಡಿಮೆಗಿಂತ ದೊಡ್ಡ ಮೊತ್ತ ಕೇಳಿದರೆ ನಡೆಯುವುದು ಚೌಕಾಸಿ, ಇಲ್ಲವೇ ವಶೀಲಿ. (ವಶೀಲಿಗೆ ಮಾತ್ರ ರಸೀದಿ ಇಲ್ಲ.) ಸಣ್ಣ ದಂಡವಾದರೂ ತಪ್ಪದೇ ಬೀಳುವುದೆಂದು ಗೊತ್ತಾದರೆ ಕೈ ತಾನಾಗಿಯೇ ಹಿಂಜರಿಯುತ್ತದೆ.

ಆದ್ದರಿಂದ ಮಹಾನಗರ ಪಾಲಿಕೆಯು ದರ ಪರಿಷ್ಕರಿಸುವ ಮುನ್ನ, ಈವರೆಗೆ ವಸೂಲಾದ ದಂಡವೆಷ್ಟು, ಅದರ ವಸೂಲಿಗೆ ತಗುಲಿದ ವೆಚ್ಚವೆಷ್ಟು ಎಂಬುದನ್ನು ವಾರ್ಡ್‌ವಾರು ಪ್ರಕಟಿಸಲಿ.

– ಓರ್ವ ತೆರಿಗೆದಾರ, ವಿಜಯಪುರ