ಬಿಲ್ಲಿಂಗ್ ಸರ್ವರ್: ಇವತ್ತು ರಾತ್ರಿ 9ರಿಂದ 10:30 ರಿಪೇರಿ

ಎಲ್ಲರಿಗೂ ನಮಸ್ಕಾರ.

ಮಧ್ಯಾಹ್ನದಿಂದ ಬಿಲ್ಲಿಂಗ್ ಸರ್ವರ್‌ಗೆ ಹೊಸದಾಗಿ ಲಾಗಿನ್ ಆಗುತ್ತಿಲ್ಲ. ಡೇಟಾ ಎಲ್ಲೂ ಹೋಗಿಲ್ಲ, ಗಾಬರಿ ಬೇಡ.

ರೂಟ್‌ನಲ್ಲಿರುವ (ಎಲ್ಲಕ್ಕಿಂತ ಮೇಲಿನ ಡೈರೆಕ್ಟರಿ, ಅಂದರೆ ಫೋಲ್ಡರ್) ಬಿನ್, ಎಸ್‌ಬಿನ್, ಲಿಬ್, ಲಿಬ್64 ಈಗಿನ ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ನಿಜವಾದ ಡೈರೆಕ್ಟರಿಗಳಲ್ಲ, ಯುಎಸ್‌ಆರ್ ಒಳಗಿನ ಅದೇ ಹೆಸರಿನ ಡೈರೆಕ್ಟರಿಗಳಿಗೆ ದಾರಿ ತೋರಿಸಲು ಹಾಕಿರುವ ಲಿಂಕ್‌ಗಳು. ಆ ನಾಲ್ಕೂ ಲಿಂಕ್ ಅಳಿಸಿಹೋಗಿವೆ. ಪ್ರೋಗ್ರಾಮ್‌ಗಳು ಇದ್ದಲ್ಲೇ ಇವೆ. ಆದರೆ ಹೆಚ್ಚುಕಡಿಮೆ ಎಲ್ಲವೂ ಶುರುವಾಗುವಾಗ ಲಿಬ್64ರಲ್ಲಿ ಲೋಡರನ್ನು (ಪ್ರೋಗ್ರಾಮ್‌ಗೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತಂದು ಶುರು ಮಾಡುವ ಫೈಲ್) ಹುಡುಕುತ್ತವೆ. ಅದು ಸಿಗದಿದ್ದರೆ "ಫೈಲ್ ಇಲ್ಲ" ಎಂದು ಬರುತ್ತದೆ, ಫೈಲ್ ಕಣ್ಣೆದುರೇ ಇದ್ದರೂ! ಆಗಲೇ ಓಡುತ್ತಿರುವ ಡೇಟಾಬೇಸ್ ಮಾತ್ರ ನಡೆಯುತ್ತಿದೆ.

ಟೆಕ್ನಿಕಲ್ ತಂಡದವರೇ, ದಯವಿಟ್ಟು ರೀಬೂಟ್ ಮಾಡಬೇಡಿ. ಮಾಡಿದರೆ ಸರ್ವರ್ ಏಳುವುದಿಲ್ಲ, ಆಮೇಲೆ ಪೆನ್‌ಡ್ರೈವ್ ಹಾಕಿ ರೆಸ್ಕ್ಯೂ ಮೋಡ್‌ಗೆ (ಪೆನ್‌ಡ್ರೈವ್‌ನಲ್ಲಿರುವ ಬೇರೆ ಸಿಸ್ಟಮ್‌ನಿಂದ ರಿಪೇರಿ ಮಾಡುವ ಮೋಡ್) ಹೋಗಬೇಕಾಗುತ್ತದೆ. ಸುಮ್ನೆ ಕೆಲಸ ಜಾಸ್ತಿ. ತೆರೆದಿರುವ ರೂಟ್ ಶೆಲ್ (ಅಡ್ಮಿನ್ ಕಮಾಂಡ್ ವಿಂಡೋ) ಮುಚ್ಚಬೇಡಿ.

- ಯುಎಸ್‌ಆರ್ ಒಳಗಿನ ಲೋಡರನ್ನು ಪೂರ್ತಿ ಪಾತ್ ಕೊಟ್ಟು ಓಡಿಸಿ, ಅದರ ಮೂಲಕ ಲಿಂಕ್ ಮಾಡುವ 'ಎಲ್‌ಎನ್' ಕಮಾಂಡ್ ಕೊಡಿ.
- ಮೊದಲು ಲಿಬ್64 ಲಿಂಕ್. ಅದೊಂದು ಬಂದರೆ ಉಳಿದ ಮೂರು ಸಲೀಸು.
- ಲಿಂಕ್‌ನ ಗುರಿಯ ಮುಂದೆ ಸ್ಲ್ಯಾಶ್ ಹಾಕಬೇಡಿ. ಹಾಕಿದರೆ ರೆಸ್ಕ್ಯೂ ಮೋಡ್‌ನಲ್ಲಿ ಅದು ಬೇರೆ ಸಿಸ್ಟಮ್‌ನ ಡೈರೆಕ್ಟರಿಯನ್ನು ತೋರಿಸುತ್ತದೆ.
- ಕೊನೆಗೆ 'ಫೈಲ್‌ಸಿಸ್ಟಮ್' ಪ್ಯಾಕೇಜನ್ನು ಆರ್‌ಪಿಎಂನಲ್ಲಿ (ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಟೂಲ್) ವೆರಿಫೈ ಮಾಡಿ.

ಬ್ರಾಂಚ್‌ಗಳಲ್ಲಿ ಬಿಲ್ಲಿಂಗ್ ಮಾಡುವವರು 8:45ಕ್ಕೆ ಲಾಗೌಟ್ ಆಗಿ. ಅಲ್ಲಿಯವರೆಗೆ ಲಾಗಿನ್ ಇರುವವರು ಹಾಗೇ ಮುಂದುವರಿಸಿ, ಇಲ್ಲದವರು ಕೈಬಿಲ್ ಬರೆಯಿರಿ.

ಇವತ್ತು ಯಾರಾದರೂ ಕ್ಲೀನಪ್ ಸ್ಕ್ರಿಪ್ಟ್ ಓಡಿಸಿದ್ದರೆ ನನಗೆ ಪರ್ಸನಲ್ ಮೆಸೇಜ್ ಹಾಕಿ. ಬೈಯಲು ಅಲ್ಲ, ಇನ್ನೇನು ಅಳಿಸಿದೆ ಎಂದು ನೋಡಬೇಕು ಅಷ್ಟೆ. ಪ್ರತಿ ಬ್ರಾಂಚ್‌ನಿಂದ ಒಬ್ಬರು 7 ಗಂಟೆಯೊಳಗೆ 'ಸರಿ' ಎಂದು ಉತ್ತರಿಸಿ.