ವ್ಯಾನ್ ನಿಲ್ಲಿಸಿದ ಮೇಲೆ ಶುರುವಾಗುವ ತಿರುಗಾಟ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಜೊತೆಗಿಟ್ಟ ಪಟ್ಟಿಯನ್ನೂ ನಾನೂ ನನ್ನ ಹೆಂಡತಿಯೂ ಕೂತು ಓದಿದೆವು. ಕಾಪು, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ, ದಾಂಡೇಲಿ, ಯಾಣ, ಜೋಗ, ಆಗುಂಬೆ. ಇಷ್ಟನ್ನೂ ಒಳಗೇ ಹಾಸಿಗೆ, ಸ್ಟವ್ ಇರುವ ಕ್ಯಾಂಪರ್ ವ್ಯಾನಿನಲ್ಲಿ ಒಂದೇ ವಾರದಲ್ಲಿ ಮುಗಿಸುತ್ತೇವೆ ಅಂತ ಬರೆದಿದ್ದೀಯ. ಮಾರಾಯ, ಹಾಗೆ ಮಾಡಬೇಡ. ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಅದಕ್ಕೆ ನಿನ್ನ ಕಾರೇ ಸಾಕು. ನಾವು ಆ ದಾರಿಯ ಒಂದು ತುಂಡಿಗೇ ವಾರಗಟ್ಟಲೆ ತೆಗೆದುಕೊಂಡೆವು. ಆದರೂ ನೋಡಬೇಕಾದ್ದು ಬಹಳ ಉಳಿದಿದೆ.

ದೀಪಾವಳಿ ಮುಗಿಸಿ ಹೊರಟವರು ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಉಡುಪಿಗೆ ವಾಪಸ್ ಬಂದೆವು. ಹೊರಡುವ ಮೊದಲೇ ಇವಳು ಒಂದು ಷರತ್ತು ಹಾಕಿದ್ದಳು. ಎಲ್ಲಿ ನಿಂತರೂ ಕಡಿಮೆ ಅಂದರೆ ಎರಡು ರಾತ್ರಿ. ನಡುವಿನ ಹಗಲಿನಲ್ಲಿ ವ್ಯಾನಿನ ಕೀಲಿ ಮುಟ್ಟುವಂತಿಲ್ಲ. ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಬ್ಯಾಂಕಿನಲ್ಲಿ ಅಷ್ಟು ವರ್ಷ ಗಡಿಯಾರ ನೋಡಿ ದುಡಿದವಳಿಗೆ ಇನ್ನು ಅವಸರ ಬೇಡವಾಗಿತ್ತು. ನಮ್ಮ ತಿರುಗಾಟ ಚೆಂದ ಆದದ್ದು ಆ ಷರತ್ತಿನಿಂದಲೇ.

ಮೊದಲ ನಿಲುಗಡೆ ಕಾಪು. ಮನೆಯಿಂದ ಅಷ್ಟು ಹತ್ತಿರ, ಅಲ್ಲಿ ಎಂತ ನಿಲ್ಲುವುದು ಅಂತ ಕೇಳಬೇಡ. 1901ರ ಲೈಟ್‌ಹೌಸ್ ನೋಡಿ ಫೋಟೋ ತೆಗೆದು ಹೊರಡುವ ಊರು ಅದು, ಎಲ್ಲರಿಗೂ. ನಾವು ಬೆಳಕು ಹರಿಯುವಾಗ ಸೈಕಲ್ ಹತ್ತಿ ಕೈಪುಂಜಾಲು, ಮಟ್ಟು, ಪಡುಕೆರೆ ದಾಟಿ ಮಲ್ಪೆ ಸೇತುವೆಯವರೆಗೆ ಹೋದೆವು. ಸಣ್ಣ ರಸ್ತೆ. ಎಡಕ್ಕೆ ಕಡಲು, ಬಲಕ್ಕೆ ಉದ್ಯಾವರ ಹೊಳೆ. ಈ ಹೊಳೆ ಕಡಲ ಹತ್ತಿರ ಬಂದರೂ ಒಳಗೆ ನುಗ್ಗದೆ, ಉತ್ತರಕ್ಕೆ ತಿರುಗಿ, ದಡದ ಪಕ್ಕದಲ್ಲೇ ಹರಿದು ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ. ನಡುವಿನ ಮರಳ ಪಟ್ಟಿಯ ಮೇಲೆ ಮನೆಗಳು, ಬಲೆಗಳು, ತೆಂಗು. ಇಷ್ಟು ವರ್ಷ ಈ ಜಿಲ್ಲೆಯಲ್ಲಿದ್ದೂ ಆ ಹೊಳೆಯ ದಾರಿ ನನಗೆ ಅರ್ಥವಾದದ್ದು ಸೈಕಲ್ ಮೇಲೆ.

ಮಟ್ಟುವಿನಲ್ಲಿ ಗುಳ್ಳ ಅನ್ನುವ ಬದನೆಯ ಗದ್ದೆಯ ಪಕ್ಕ ಇಳಿದೆವು. ಗಿಡದಲ್ಲಿ ಇನ್ನೂ ನೇರಳೆ ಹೂ. ಎಲೆಯ ಮೇಲೂ ತೊಟ್ಟಿನ ಮೇಲೂ ಸಣ್ಣ ಮುಳ್ಳು. ಒಬ್ಬರು ಹೆಂಗಸು ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಹೊರಗಿನ ಬದನೆ ತಂದು ಮಟ್ಟು ಗುಳ್ಳ ಅಂತ ಮಾರುತ್ತಾರೆ, ಮೋಸ ಹೋಗಬೇಡಿ ಅಂತ ಇವಳ ಹತ್ತಿರ ಹೇಳಿದರು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಬೀಜ ಕೊಟ್ಟವರು ಸೋದೆಯ ವಾದಿರಾಜ ಸ್ವಾಮಿಗಳು ಅಂತ ಊರವರ ನಂಬಿಕೆ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಸೈಕಲ್ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ಕಡಿಮೆ. ಮಧ್ಯಾಹ್ನ ಆಯಿತೆಂದರೆ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ, ಜೋರಾಗಿ ಬೀಸುತ್ತದೆ. ಹಾಗಾಗಿ ಬೆಳಿಗ್ಗೆ ಉತ್ತರಕ್ಕೆ ತುಳಿ, ಬರುವಾಗ ಗಾಳಿ ಬೆನ್ನಿಗಿರುತ್ತದೆ. ಉಲ್ಟಾ ಮಾಡಿದರೆ ಸುಸ್ತಾದ ಹೊತ್ತಿಗೆ ಎದುರುಗಾಳಿ. ಇನ್ನು ಉಪ್ಪಿನ ಗಾಳಿಗೆ ಚೈನು ಎರಡೇ ದಿನದಲ್ಲಿ ಕೆಂಪಾಗುತ್ತದೆ. ದಿನಾ ಸಂಜೆ ಹಳೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಡುವುದು ನನ್ನ ಕೆಲಸವಾಗಿತ್ತು.

ಮರವಂತೆಯಲ್ಲಿ ಸೈಕಲ್ ಇಳಿಸಲಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನೋಡಲಿಕ್ಕೆ ಲಾಯ್ಕ ಉಂಟು. ಆದರೆ ಅದು ಹೆದ್ದಾರಿ. ಲಾರಿಗಳು ಮೈಮೇಲೆ ಬಂದಂತೆ ಬರುತ್ತವೆ. ಅಲ್ಲಿ ಮರಳಿನ ಮೇಲೆ ನಡೆಯುವುದೇ ಒಳ್ಳೆಯದು. ಸೈಕಲಿಗೆ ಬೇರೆ ದಾರಿ ಬೇಕೆಂದರೆ ಮಲ್ಪೆಯಿಂದ ಹೂಡೆ ಮೇಲೆ ಕೋಡಿಬೆಂಗ್ರೆಗೆ ಹೋಗು. ಸ್ವರ್ಣಾ, ಸೀತಾ ಎರಡೂ ಹೊಳೆ ಅಲ್ಲಿ ಕಡಲು ಸೇರುತ್ತವೆ. ರಸ್ತೆಯೂ ಅಲ್ಲಿಗೇ ಮುಗಿಯುತ್ತದೆ.

ಕುಂದಾಪುರದ ಆಚೆ ಒಂದು ರಾತ್ರಿ ಗದ್ದೆಯಲ್ಲಿ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ಇತ್ತು. ಮೇಳಗಳು ಆಗಷ್ಟೇ ತಿರುಗಾಟಕ್ಕೆ ಹೊರಟಿದ್ದವು. ಆಟ ಆಡಿಸುವ ಮನೆಯವರನ್ನು ಕೇಳಿ ಅವರ ಅಂಗಳದಂಚಿಗೇ ವ್ಯಾನ್ ನಿಲ್ಲಿಸಿದೆವು. ಒಬ್ಬರು ಅಜ್ಜ ಬಾಗಿಲಿನಿಂದ ಇಣುಕಿ, ಹಾಸಿಗೆ, ಸ್ಟವ್ ಎಲ್ಲಾ ನೋಡಿ, "ಎಂತ ಮಾರ್ರೆ, ಇದ್ರೊಳ್ಗೇ ಮನಿಕಂಬುದಾ?" ಅಂತ ಕೇಳಿದರು. ಹೌದು ಅಂದದ್ದಕ್ಕೆ ಒಳಗೆ ಹೋಗಿ ನಮಗೆರಡು ಚಾಪೆ ತಂದುಕೊಟ್ಟರು, ಎದುರಿನ ಸಾಲಿನಲ್ಲಿ ಕೂರಲಿಕ್ಕೆ. ಚೆಂಡೆ ಶುರುವಾದ ಮೇಲೆ ನಿದ್ದೆಯ ಮಾತೆಲ್ಲಿ. ಬಣ್ಣದ ವೇಷ ಬರುವ ಹೊತ್ತಿಗೆ ಇವಳು ಚಿಕ್ಕ ಹುಡುಗಿಯ ಹಾಗೆ ಮುಂದೆ ಸರಿದು ಕೂತಿದ್ದಳು. ಕಾಲ ಮಿತಿಯ ಆಟವಲ್ಲ ಅದು, ಬೆಳಗಿನ ತನಕ ನಡೆಯಿತು. ಮರುದಿನ ಎಲ್ಲಿಗೂ ಹೊರಡಬೇಕಾಗಿಲ್ಲ ಅನ್ನುವ ಧೈರ್ಯ ಇದ್ದುದರಿಂದಲೇ ಕೂರಲಿಕ್ಕಾಯಿತು. ಒಂದು ವಾರದ ಪಟ್ಟಿ ಕೈಯಲ್ಲಿದ್ದಿದ್ದರೆ ಹತ್ತು ಗಂಟೆಗೇ ಎದ್ದು ಹೋಗಿರುತ್ತಿದ್ದೆವು.

ಅತ್ತಿಗೆ ಕೇಳಿದ ಅಡುಗೆ, ನೀರು, ಬಾತ್‌ರೂಮಿನ ವಿಷಯ ಹೇಳಿಬಿಡುತ್ತೇನೆ. ವ್ಯಾನಿನ ಟ್ಯಾಂಕಿನಲ್ಲಿ ಹಿಡಿಯುವ ನೀರು ಪಾತ್ರೆಗೂ ಮುಖ ತೊಳೆಯಲಿಕ್ಕೂ ಸಾಕು. ದಿನಾ ಬಿಸಿನೀರು ಸ್ನಾನ ಬೇಕು ಅಂದರೆ ಹೋಮ್‌ಸ್ಟೇ ಅಂಗಳವೇ ಒಳ್ಳೆಯದು. ಹೆಚ್ಚಿನ ಕಡೆ ಕೋಣೆ ಬೇಡ, ಅಂಗಳ ಸಾಕು ಅಂದರೆ ಸ್ವಲ್ಪ ದುಡ್ಡಿಗೆ ಒಪ್ಪುತ್ತಾರೆ. ಬಚ್ಚಲು, ಕರೆಂಟು, ಶೌಚದ ಡಬ್ಬಿ ಖಾಲಿ ಮಾಡುವ ಜಾಗ ಎಲ್ಲಾ ಅಲ್ಲಿ ಸಿಗುತ್ತದೆ. ಆ ಡಬ್ಬಿಯನ್ನು ದಯವಿಟ್ಟು ತೋಡಿಗೋ ಪೊದೆಗೋ ಸುರಿಯಬೇಡಿ. ಕೆಲವರು ಸುರಿದು ಹೋಗಿ ಊರವರು ಈಗ ವ್ಯಾನ್ ಕಂಡರೇ ಬೇಡ ಅನ್ನುವ ಜಾಗ ನಾವು ನೋಡಿದ್ದೇವೆ. ಕೇಳದೆ ಎಲ್ಲೂ ರಾತ್ರಿ ನಿಲ್ಲಿಸಬೇಡ, ಅದರಲ್ಲೂ ಕಡಲ ಕಿನಾರೆಯಲ್ಲಿ. ಮರಳಿನ ಮೇಲೆ ಈ ತೂಕದ ಗಾಡಿ ಹೂತರೆ ಎಳೆಯಲಿಕ್ಕೆ ಟ್ರ್ಯಾಕ್ಟರೇ ಬೇಕು. ಗಟ್ಟಿ ಮುರಕಲ್ಲಿನ ನೆಲ ನೋಡಿ ನಿಲ್ಲಿಸು. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಕಾಯಿ ಬಿದ್ದರೆ ಸೋಲಾರ್ ಪ್ಯಾನೆಲ್ ಪುಡಿ, ಬೀಳದಿದ್ದರೂ ನೆರಳಿಗೆ ಬ್ಯಾಟರಿ ತುಂಬುವುದಿಲ್ಲ.

ಕುಚ್ಚಲಕ್ಕಿ ಬೇಯಲಿಕ್ಕೆ ಗ್ಯಾಸ್ ಜಾಸ್ತಿ ಬೇಕು, ಗೊತ್ತಲ್ವಾ. ನಮ್ಮ ಕಡೆಯ ಮನೆಗಳಲ್ಲಿ ಶಾಖ ಹಿಡಿದಿಡುವ ಥರ್ಮಲ್ ಕುಕ್ಕರ್ ಇರುತ್ತದೆ. ಇವಳು ಅದನ್ನೇ ತಂದಿದ್ದಳು. ಬೆಳಿಗ್ಗೆ ಅಕ್ಕಿಗೆ ಕುದಿ ಬರಿಸಿ, ಸ್ವಲ್ಪ ಹೊತ್ತು ಬೇಯಿಸಿ, ಪಾತ್ರೆ ಸಮೇತ ಅದರೊಳಗಿಟ್ಟು ಮುಚ್ಚಿ ಸೈಕಲ್ ಹತ್ತುವುದು. ತಿರುಗಿ ಬರುವಾಗ ಅನ್ನ ಬೆಂದಿರುತ್ತಿತ್ತು. ದಾರಿಯಲ್ಲಿ ಬಂಗುಡೆ ಸಿಕ್ಕಿದರೆ ಹೊರಗೆ ಮರದ ನೆರಳಲ್ಲಿ ಸ್ಟವ್ ಇಟ್ಟು ಹುರಿಯುವುದು. ಒಳಗೆ ಹುರಿದರೆ ಹಾಸಿಗೆಗೂ ವಾಸನೆ ಹಿಡಿಯುತ್ತದೆ.

ಗೋಕರ್ಣದಲ್ಲಿ ಎಲ್ಲಕ್ಕಿಂತ ಜಾಸ್ತಿ ದಿನ ಉಳಿದೆವು. ರಥಬೀದಿಗೆ ಇಷ್ಟು ದೊಡ್ಡ ಗಾಡಿ ತರಬೇಡ, ಊರ ಹೊರಗೇ ನಿಲ್ಲಿಸು. ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ವರೆಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಚೆನ್ನಾಗಿದೆ, ತಪ್ಪಿಸಬೇಡ. ಆದರೆ ನನ್ನ ಮನಸ್ಸು ಹಿಡಿದದ್ದು ಅದರ ಹಿಂದಿನ ಅಘನಾಶಿನಿ ಹೊಳೆಯ ಅಳಿವೆ. ತದಡಿಯಲ್ಲಿ ಸೈಕಲ್ ಸಮೇತ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿದೆವು. ನೀರು ಇಳಿದ ಹೊತ್ತು. ಹೆಂಗಸರು ಮಂಡಿಯವರೆಗಿನ ನೀರಿನಲ್ಲಿ ಬಗ್ಗಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು, ನಾವು ಮರುವಾಯಿ ಅನ್ನುತ್ತೇವಲ್ಲ, ಅದೇ. ಆಚೆ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ನೆರೆಯಲ್ಲಿ ಮುಳುಗಿದರೂ ತಡೆದುಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಭತ್ತ ಕೊಯ್ದ ಮೇಲೆ ಅದೇ ನೀರಿನಲ್ಲಿ ಸಿಗಡಿ, ಮೀನು. ಕೊಯ್ಲಾದ ಗದ್ದೆಯ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದೆವು. ಒಂದು ಮನೆಯಲ್ಲಿ ಕಗ್ಗದ ಅಕ್ಕಿ ಕೊಂಡೆವು. ಕೆಂಪಕ್ಕಿ, ಗಂಜಿಗೆ ಬಹಳ ರುಚಿ. ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ ಅಂತ ಮನೆಯಾಕೆ ಬೇಸರದಲ್ಲಿ ಹೇಳಿದರು. ನನಗೂ ಬೇಸರವಾಯಿತು. ನೀನು ಹೋದರೆ ಖಂಡಿತ ಎರಡು ಕಿಲೋ ತಗೋ.

ಕಾರವಾರ, ದಾಂಡೇಲಿ ನಾವು ಬಿಟ್ಟೆವು. ಅಘನಾಶಿನಿಯ ಜೊತೆಗೇ ಇರೋಣ ಅಂತ ಇವಳು ಅಂದಳು. ಶಿರಸಿಯ ಹತ್ತಿರ ಹುಟ್ಟಿ, ಎಲ್ಲೂ ಅಣೆಕಟ್ಟೆ ಕಾಣದೆ ಕಡಲು ಸೇರುವ ಹೊಳೆ ಅದು. ಕುಮಟಾದಿಂದ ದೇವಿಮನೆ ಘಾಟಿ ಹತ್ತಿದೆವು. ಘಾಟಿಯಲ್ಲಿ ವ್ಯಾನ್ ನಿಧಾನ, ಹಿಂದಿನವರಿಗೆ ದಾರಿ ಬಿಟ್ಟು ಬಿಟ್ಟು ಹೋಗಬೇಕು. ಯಾಣಕ್ಕೆ ಕಾಡಿನೊಳಗೆ ನಡೆದು ಹೋಗಿ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತಾಗ ಕುತ್ತಿಗೆ ನೋಯುವಷ್ಟು ಮೇಲೆ ನೋಡಬೇಕು. 120 ಮೀಟರ್ ಎತ್ತರದ ಕಪ್ಪು ಬಂಡೆ. ಬದಿಯ ಮೋಹಿನಿ ಶಿಖರ 90 ಮೀಟರ್.

ಆಮೇಲೆ ಶಿರಸಿ ಹತ್ತಿರದ ಸೋದೆ. ಮಟ್ಟುವಿನ ಗದ್ದೆಯಲ್ಲಿ ಕೇಳಿದ ವಾದಿರಾಜರ ಬೃಂದಾವನ ಅಲ್ಲಿಯೇ ಇರುವುದು. ಕಡಲ ಬದಿಯ ಮರಳು ನೆಲದಲ್ಲಿ ಬೆಳೆಯುವ ಒಂದು ಬದನೆ, ಘಟ್ಟದ ಮೇಲಿನ ಅಡಿಕೆ ತೋಟಗಳ ನಡುವಿನ ಒಂದು ಮಠ. ಉಡುಪಿಯಲ್ಲಿ ಸೋದೆ ಮಠದ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ, ಬಂದಾಗ ಮಟ್ಟು ಊರವರು ಗುಳ್ಳ ಹೊತ್ತು ತರುತ್ತಾರೆ ಅನ್ನುವುದು ನನಗೆ ಮೊದಲೂ ಗೊತ್ತಿತ್ತು. ಆ ಎರಡು ತುದಿಗಳ ನಡುವಿನ ನೆಲವನ್ನು ದಾಟಿ ಬಂದ ಮೇಲೆ ಆ ಹೊರೆಕಾಣಿಕೆಯ ಬೆಲೆ ಬೇರೆಯೇ ಆಗಿ ಕಂಡಿತು. ಬೃಂದಾವನದ ಎದುರು ಇವಳು ಬಹಳ ಹೊತ್ತು ಕೂತಳು. ನಾನು ಎಬ್ಬಿಸಲಿಲ್ಲ. ಮರುದಿನ ಸೈಕಲಿನಲ್ಲಿ ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಹೋದೆವು. ಆ ಕಡೆಯ ರಸ್ತೆ ಏರು ಇಳಿತ, ಗೇರ್ ಇಲ್ಲದ ಸೈಕಲ್ ಆಗದು.

ಬರುವಾಗ ಸಾಗರದ ಮೇಲೆ ಸಿಗಂದೂರು ದಾರಿ ಹಿಡಿದೆವು. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲಿನ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಎರಡು ಕಿ.ಮೀ.ಗಿಂತ ಉದ್ದ. ಮೊದಲು ಲಾಂಚಿಗೆ ಕಾಯಬೇಕಿತ್ತು. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸುತ್ತುವರಿದ ಮೇಲೆ ಆಸ್ಪತ್ರೆಗೆ, ಕಾಲೇಜಿಗೆ ಎಲ್ಲದಕ್ಕೂ ಲಾಂಚ್ ನಂಬಿದ್ದ ಜನ ಆ ಕಡೆಯವರು. ಒಬ್ಬರು ಚಾ ಅಂಗಡಿಯವರು, ಈಗ ರಾತ್ರಿ ಹೊಟ್ಟೆನೋವು ಬಂದರೂ ಹೆದರಿಕೆ ಇಲ್ಲ ಅಂದರು. ಅಲ್ಲಿಂದ ಕೊಲ್ಲೂರು ಘಾಟಿ ಇಳಿದು ಊರು.

ಸ್ವಂತ ವ್ಯಾನ್ ಮಾಡಿಸುವ ಯೋಚನೆ ಸದ್ಯಕ್ಕೆ ಬಿಡು. ಗಾಡಿಯ ಒಳಗೆ ಹಾಸಿಗೆ, ಸ್ಟವ್ ಕೂರಿಸಿ ರೂಪ ಬದಲಾಯಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು, ವಿಮೆಯವರಿಗೂ ಹೇಳಬೇಕು. ಮೊದಲು ಬಾಡಿಗೆಗೆ ತೆಗೆದುಕೊಂಡು ಇಬ್ಬರಿಗೂ ಹಿಡಿಸುತ್ತದಾ ನೋಡಿ. ತೆಗೆದುಕೊಳ್ಳುವಾಗ ಹಿಂದಿನ ಸೈಕಲ್ ಸ್ಟ್ಯಾಂಡಿನ ಬೋಲ್ಟುಗಳನ್ನು ನೀನೇ ಕೈ ಹಾಕಿ ಅಲುಗಾಡಿಸು. ನಮಗೆ ಕೊಟ್ಟದ್ದರಲ್ಲಿ ಎರಡು ಸಡಿಲ ಇದ್ದವು, ಹೊರಡುವ ಮೊದಲೇ ಬಿಗಿ ಮಾಡಿಸಿದೆವು.

ನಿನ್ನ ಹತ್ತಿರ ಇರುವುದು ಒಂದೇ ವಾರ ಅಲ್ವಾ? ಹಾಗಾದರೆ ಕಾಪು, ಕುಂದಾಪುರ, ಗೋಕರ್ಣ, ಇಷ್ಟೇ ಇಟ್ಟುಕೋ. ಉಳಿದದ್ದಕ್ಕೆ ಇನ್ನೊಮ್ಮೆ ಬಾ. ಫೆಬ್ರವರಿ ದಾಟಿದರೆ ವ್ಯಾನಿನೊಳಗೆ ಸೆಕೆಗೆ ಮಲಗಲಿಕ್ಕಾಗುವುದಿಲ್ಲ, ಮಳೆಗಾಲದಲ್ಲಿ ಸೈಕಲ್ ಇಳಿಸಲಿಕ್ಕಾಗುವುದಿಲ್ಲ. ಈ 2026ರ ಜನವರಿಯಲ್ಲಿ ಶಿರೂರು ಮಠದ ಪರ್ಯಾಯದ ಗೌಜಿ, ಉಡುಪಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಅದು ಮುಗಿದ ಮೇಲೆ, ಫೆಬ್ರವರಿಯ ಮೊದಲಿಗೆ ಹೊರಡಿ. ನಮ್ಮ ಸೈಕಲ್ ಎರಡೂ ನಿಮಗೇ ಕೊಡುತ್ತೇವೆ. ಥರ್ಮಲ್ ಕುಕ್ಕರನ್ನೂ ತೆಗೆದಿಡುತ್ತೇನೆ ಅಂತ ಇವಳು ಅತ್ತಿಗೆಗೆ ಹೇಳಲು ಹೇಳಿದ್ದಾಳೆ. ನಿನ್ನ ಎತ್ತರಕ್ಕೆ ಸೀಟು ಏರಿಸಿಡಬೇಕು, ಹಾಗಾಗಿ ತಾರೀಕು ಗೊತ್ತಾದ ಕೂಡಲೇ ಬರೆ.

ಇಂತಿ ನಿನ್ನ
ಉಡುಪಿಯ ಗೆಳೆಯ