ಹೂಮರ ನೆಡುವ ಮುನ್ನ ಮಳೆಯನ್ನೂ ಬರೆಯನ್ನೂ ನೋಡೋಣ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಡಗಿನ ನರ್ಸರಿಗಳಲ್ಲಿಯೂ ಸಂತೆಯ ಬದಿಯ ಗಿಡದ ವ್ಯಾಪಾರಿಗಳ ಬಳಿಯೂ ಹೂಮರದ ಸಸಿಗಳಿಗೆ ಬೇಡಿಕೆ ಹೆಚ್ಚುತ್ತದೆ. ಹೊಸ ಮನೆ ಕಟ್ಟಿದವರು, ಹೋಂಸ್ಟೇ ನಡೆಸುವವರು, ಮನೆತನದ ಹಿರಿಮನೆಯಾದ ಐನ್‌ಮನೆಯ ಅಂಗಳವನ್ನು ಹಸನು ಮಾಡುತ್ತಿರುವವರು ಎಲ್ಲರೂ ಈ ದಿನಗಳಲ್ಲಿ ಗಿಡ ಹುಡುಕಿಕೊಂಡು ಹೋಗುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಚಿತ್ರದಲ್ಲಿ ಕಂಡ ಹೂವಿನ ಬಣ್ಣವನ್ನಷ್ಟೇ ನೆಚ್ಚಿ, ಆ ಮರ ಯಾವ ಜಾತಿಯದು, ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ, ನಮ್ಮ ಮಳೆಯನ್ನು ತಾಳುತ್ತದೆಯೇ ಎಂದು ವಿಚಾರಿಸದೆ ಕೊಂಡು ತರುವವರೇ ಹೆಚ್ಚು. ಹಾಗೆ ತಂದ ಸಸಿ ಹತ್ತು ಹದಿನೈದು ವರ್ಷಗಳ ಬಳಿಕ ಮನೆಗೂ ತೋಟಕ್ಕೂ ಅದರಾಚೆಯ ಕಾಡಿಗೂ ತೊಂದರೆಯಾಗುವುದನ್ನು ನಾವು ಕಾಣುತ್ತಿದ್ದೇವೆ. ಆದುದರಿಂದ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಸಂಬಂಧಪಟ್ಟ ಇಲಾಖೆಗಳ ಗಮನಕ್ಕೆ ತರಲು ಬಯಸುತ್ತೇನೆ.

ಮರ ಆರಿಸುವವರು ಮೊದಲು ತಿಳಿಯಬೇಕಾದದ್ದು, ಕೊಡಗಿಗೆಲ್ಲ ಒಂದೇ ಹವೆಯಿಲ್ಲ ಎಂಬುದು. ಮಡಿಕೇರಿಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 120 ಇಂಚಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಬೀಳುವುದಿಲ್ಲ. ಪಶ್ಚಿಮಕ್ಕೆ ಭಾಗಮಂಡಲದ ಕಡೆ ಹೋದರೆ ಮಡಿಕೇರಿಯನ್ನೂ ಮೀರಿಸುವ ಮಳೆ. ಬೇಸಗೆಯ ಬಿಸಿಲಿನಲ್ಲಿ ಎಲೆ ಉದುರಿಸಿ ಹೂ ಬಿಡುವ ಮುತ್ತುಗ, ಕಕ್ಕೆ, ದೇವಕಣಗಿಲೆಗಳಿಗೆ ಕುಶಾಲನಗರ, ಶಿರಂಗಾಲದ ಕಡೆಯ ನೆಲ ಒಗ್ಗುತ್ತದೆ. ಮಂಜು ಮುಸುಕಿ ತಿಂಗಳುಗಟ್ಟಲೆ ಬಿಸಿಲು ಕಾಣದ ಜಾಗದಲ್ಲಿ ಅವೇ ಮರಗಳು ಎತ್ತರಕ್ಕೆ ಬೆಳೆದರೂ ಹೂವಿನಲ್ಲಿ ಜಿಪುಣವಾಗುತ್ತವೆ. ಬೆಂಗಳೂರಿನ ಬೀದಿಗಳಲ್ಲಿ ಕಣ್ತುಂಬುವ ಜಕರಂಡ, ಟಬೆಬುಯಾ, ಗುಲ್‌ಮೊಹರ್‌ಗಳನ್ನು ಕಂಡು ಅವನ್ನೇ ಮಡಿಕೇರಿಯ ಇಳಿಜಾರಿನಲ್ಲಿ ನೆಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಮಡಗಾಸ್ಕರ್ ಮೂಲದ ಗುಲ್‌ಮೊಹರ್‌ನ ಬೇರುಗಳು ಮೇಲ್ಪದರದಲ್ಲೇ ಹರಡುತ್ತವೆ, ಕೊಂಬೆಗಳು ಪೆಡಸು. ಜುಲೈನ ಗಾಳಿಮಳೆಯಲ್ಲಿ ಅದು ಮನೆಯ ಮಾಡಿನ ಮೇಲೆ ಮುರಿದು ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದ ವಿಚಾರ ಇನ್ನೊಂದಿದೆ. ಕಕ್ಕೆಯಂತೆಯೇ ಹಳದಿ ಹೂ ಬಿಡುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವನ್ನು ಉಷ್ಣವಲಯದ ಅಮೆರಿಕದಿಂದ ಅಲಂಕಾರಕ್ಕೂ ನೆರಳಿಗೂ ಎಂದು ನಮ್ಮ ದೇಶಕ್ಕೆ ತರಲಾಯಿತು. ಇಂದು ಅದು ವಯನಾಡು ವನ್ಯಜೀವಿಧಾಮ, ಬಂಡೀಪುರ, ಮುದುಮಲೈ ಮತ್ತು ನಮ್ಮ ನಾಗರಹೊಳೆಯ ಕಾಡುಗಳಲ್ಲಿ ದಟ್ಟವಾಗಿ ಹಬ್ಬಿದೆ. ಅದರ ನೆರಳಿನಡಿ ಹುಲ್ಲು ಬೆಳೆಯುವುದಿಲ್ಲ, ಬೇರೆ ಮರದ ಸಸಿಗಳು ಏಳುವುದಿಲ್ಲ, ಅದರ ಸೊಪ್ಪು ಕಾಡುಪ್ರಾಣಿಗಳ ಮೇವಿಗೆ ಒದಗುವುದಿಲ್ಲ. ಕಡಿದರೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತದೆ; ಉದುರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಮೊಳೆಯುತ್ತದೆ. ಮುದುಮಲೈಯಲ್ಲಿ ಈ ಮರಗಳನ್ನು ತೆಗೆದು ಕಾಗದದ ಕಾರ್ಖಾನೆಗೆ ಸಾಗಿಸುವ ಕೆಲಸವನ್ನೇ ತಮಿಳುನಾಡು ಸರ್ಕಾರ ಕೈಗೆತ್ತಿಕೊಳ್ಳಬೇಕಾಯಿತು ಎಂದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಅಲಂಕಾರದ ಗಿಡವಾಗಿಯೇ ಬಂದ ಲಂಟಾನ ನಮ್ಮ ಕಾಡುಗಳಿಗೂ ಗದ್ದೆಗೆ ಸೇರಿದ ಬಾಣೆ ಜಮೀನುಗಳಿಗೂ ಏನು ಮಾಡಿತು ಎಂಬುದು ಇಲ್ಲಿನ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಹೀಗಿರುವಾಗ ಕುಟ್ಟ, ಬಾಳೆಲೆ, ತಿತಿಮತಿಯಂಥ ಕಾಡಂಚಿನ ಊರುಗಳಲ್ಲಿ ಕಕ್ಕೆ ಎಂದು ಭಾವಿಸಿ ಸೆನ್ನಾವನ್ನು ಅಂಗಳಕ್ಕೆ ತಂದರೆ ಅದರ ಫಲವನ್ನು ಕಾಡು ಉಣ್ಣಬೇಕಾಗುತ್ತದೆ.

ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಕಕ್ಕೆಯ ಹೂಗೊಂಚಲು ಕೊಂಬೆಯಿಂದ ಕೆಳಕ್ಕೆ ಜೋತುಬೀಳುತ್ತದೆ. ಸೆನ್ನಾದ ಹೂಗೊಂಚಲು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ಹೂವಿಲ್ಲದ ಸಸಿಯಾದರೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಕ್ಕೆಯ ಒಂದು ಎಲೆದಂಟಿನಲ್ಲಿ ನಾಲ್ಕರಿಂದ ಎಂಟು ಜೊತೆ ಕಿರುಎಲೆಗಳಿದ್ದು ಒಂದೊಂದೂ ಅಂಗೈಯಷ್ಟು ಉದ್ದವಿರುತ್ತದೆ. ಸೆನ್ನಾದಲ್ಲಿ ಎಂಟರಿಂದ ಹದಿನೈದು ಜೊತೆ, ಅವೂ ಬೆರಳಿಗಿಂತ ಉದ್ದವಲ್ಲ. ಕಾಯಿ ಸಿಕ್ಕಿದರೆ ಅನುಮಾನಕ್ಕೇ ಎಡೆಯಿಲ್ಲ: ಕಕ್ಕೆಯದು ಒಂದರಿಂದ ಎರಡು ಅಡಿ ಉದ್ದದ, ದುಂಡಗಿನ, ಕಪ್ಪುಗಂದು ಬಣ್ಣದ ಕೋಲು, ಸೆನ್ನಾದ್ದು ಅದಕ್ಕಿಂತ ಗಿಡ್ಡ ಮತ್ತು ತೆಳು. ಈಗಾಗಲೇ ನೆಟ್ಟವರು ಮಳೆಯಲ್ಲಿ ಮಣ್ಣು ಮೆತ್ತಗಾದಾಗ ಎಳೆಯ ಗಿಡಗಳನ್ನು ಬೇರುಸಹಿತ ಕಿತ್ತು ಹಾಕಬಹುದು. ಬಲಿತ ಮರವಾದರೆ ಕಡಿಯುವ ಬದಲು ಬುಡದಿಂದ ಎದೆಯೆತ್ತರದವರೆಗೆ ತೊಗಟೆಯನ್ನು ಪೂರ್ತಿಯಾಗಿ ಸುಲಿದು, ಬಂದ ಚಿಗುರನ್ನು ಬಂದಂತೆಯೇ ಮುರಿಯುತ್ತಿದ್ದರೆ ಅದು ನಿಂತಲ್ಲೇ ಒಣಗುತ್ತದೆ. ಆದರೆ ಅದಕ್ಕೆ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿಕೊಳ್ಳುವುದು ಲೇಸು, ಏಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ.

ನೀರುಕಾಯಿ ಮರದ ಬಗ್ಗೆಯೂ ಒಂದು ಮಾತು. ಆಫ್ರಿಕಾದಿಂದ ಬಂದ, ಬೆಂಕಿ ಬಣ್ಣದ ಹೂವಿನ ಈ ಮರ ಜಗತ್ತಿನ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇದರ ಹೂವಿನೊಳಗೆ ಕೊಂಡಿಯಿಲ್ಲದ ಸಣ್ಣ ಜೇನ್ನೊಣಗಳು ಸತ್ತುಬಿದ್ದಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಜೇನು ನಮಗೆ ಬರಿಯ ತುಪ್ಪದ ವಿಷಯವಲ್ಲ. ರೊಬಸ್ಟಾ ಕಾಫಿಯ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಹೆಜ್ಜೇನು ಮತ್ತು ತುಡುವೆ ಜೇನು ಎಷ್ಟು ಓಡಾಡುತ್ತವೆಯೋ ಕಾಯಿ ಕಟ್ಟುವುದು ಅಷ್ಟು ಚೆನ್ನಾಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಆ ಜೇನಿಗೆ ಆಹಾರ ಎಲ್ಲಿಂದ ಬರಬೇಕು? ಸಿಲ್ವರ್ ಓಕ್ ಒಂದನ್ನೇ ಸಾಲುಸಾಲಾಗಿ ಬೆಳೆಸಿದ ತೋಟದಲ್ಲಿ ವರ್ಷಪೂರ್ತಿ ಹೂ ಸಿಗುವುದಿಲ್ಲ. ಮನೆಯಂಗಳದಲ್ಲಿ ಒಂದರ ಹಿಂದೊಂದು ಅರಳುವ ನಾಲ್ಕು ಬಗೆಯ ಊರ ಮರಗಳಿದ್ದರೆ ಅದು ತೋಟದ ಫಸಲಿಗೂ ನೆರವು ಎಂದು ನಾನು ದೃಢವಾಗಿ ನಂಬಿದ್ದೇನೆ.

ಊರ ಮರಗಳಲ್ಲಿ ಅಂದಕ್ಕೆ ಕೊರತೆಯಿದೆಯೇ? ನನ್ನನ್ನು ಕೇಳಿದರೆ ಕೊಡಗಿನ ಮನೆಯಂಗಳಕ್ಕೆ ಹೊಳೆದಾಸವಾಳಕ್ಕೆ ಸಮನಾದ ಮರ ಇನ್ನೊಂದಿಲ್ಲ. ಹೆಸರೇ ಹೇಳುವಂತೆ ಇದು ಹೊಳೆದಂಡೆಯ ಮರ. ಜವುಗು ನೆಲವನ್ನೂ ಸತತ ಮಳೆಯನ್ನೂ ತಾಳುತ್ತದೆ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಕೊಂಬೆಯ ತುದಿಗಳಲ್ಲಿ ನೇರಳೆ ಬಣ್ಣದ ಗೊಂಚಲು ಏಳುತ್ತದೆ. ಒಂದು ಹೂವನ್ನು ಹತ್ತಿರದಿಂದ ನೋಡಿದರೆ ಅದರ ಎಸಳುಗಳು ತೆಳುವಾದ ರೇಷ್ಮೆಯನ್ನು ಮುದುರಿ ಬಿಡಿಸಿದ ಹಾಗೆ ನಿರಿಗೆಗಟ್ಟಿರುತ್ತವೆ. ಪ್ರತಿ ಎಸಳೂ ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ. ನಡುವೆ ಹಳದಿ ಕೇಸರಗಳ ಗುಚ್ಛವಿದ್ದು ಜೇನ್ನೊಣಗಳಿಗೆ ಪರಾಗ ಹೇರಳವಾಗಿ ದೊರೆಯುತ್ತದೆ. ಚಳಿಗಾಲದಲ್ಲಿ ಎಲೆಗಳು ಉದುರುವ ಮುನ್ನ ಕೆಂಪಾಗುವುದೂ ಒಂದು ಸೊಗಸು. ಇದರ ಬಳಗಕ್ಕೇ ಸೇರಿದ, ನುಣುಪಾದ ಮಾಸಲು ತೊಗಟೆಯ ನಂದಿ ಮರ ನಮ್ಮ ಪಶ್ಚಿಮಘಟ್ಟದ್ದೇ ಆದರೂ ಬಹಳ ಎತ್ತರಕ್ಕೆ ಹೋಗುವುದರಿಂದ ಅದನ್ನು ತೋಟದೊಳಗೆ ಬೆಳೆಸುವುದು ಸರಿ.

ಮನೆಯ ಪಕ್ಕದ ಅರೆನೆರಳಿಗೆ ಸೀತೆಯ ಅಶೋಕವೇ ತಕ್ಕದ್ದು. ಕಾಡಿನಲ್ಲಿ ವಿರಳವಾಗುತ್ತಿರುವ ಈ ಮರ ಇಪ್ಪತ್ತು ಮೂವತ್ತು ಅಡಿಗೆ ನಿಲ್ಲುತ್ತದೆ, ಕಿತ್ತಳೆಗೆಂಪು ಹೂವನ್ನು ಕಾಂಡದ ಮೇಲೂ ಬಿಡುತ್ತದೆ. ಆದರೆ ಅಶೋಕ ಕೊಡಿ ಎಂದರೆ ಬಹುತೇಕ ನರ್ಸರಿಗಳಲ್ಲಿ ಸಿಗುವುದು ಕಂಬದಂತೆ ಬೆಳೆಯುವ, ಹಸಿರು ಬಣ್ಣದ ಸಣ್ಣ ಹೂವಿನ ಬೇರೆಯೇ ಮರ. ಕೊಳ್ಳುವವರು ಎಚ್ಚರ ವಹಿಸಬೇಕು. ನಿತ್ಯಹಸುರಿನ ರಂಜ, ಕೆಂಪು ಚಿಗುರಿನ ನಾಗಸಂಪಿಗೆ, ಒಣಗಿದ ಮೇಲೂ ಪರಿಮಳ ಬಿಡದ ಸುರಗಿ ಈ ಮೂರೂ ನಿಧಾನವಾಗಿ ಬೆಳೆಯುತ್ತವೆ. ಆದರೆ ಗಾಳಿಗೆ ಗಟ್ಟಿ, ತಲೆಮಾರುಗಳ ಕಾಲ ಬಾಳುತ್ತವೆ. ಸಂಪಿಗೆಯನ್ನು ಎಲ್ಲರೂ ಬಯಸುತ್ತಾರೆ. ಬೀಜದಿಂದ ಎದ್ದ ಸಂಪಿಗೆ ಹೂ ಬಿಡಲು ಬಹಳ ವರ್ಷ ತೆಗೆದುಕೊಂಡು ಕೊನೆಗೆ ನೂರಡಿಯ ಹತ್ತಿರಕ್ಕೆ ಹೋಗಬಲ್ಲದು. ಚಿಕ್ಕ ಅಂಗಳವಿರುವವರು ಕಸಿ ಗಿಡವನ್ನೇ ತರಬೇಕು, ಅದು ಎರಡು ಮೂರು ವರ್ಷಗಳಲ್ಲಿ ಕೈಗೆಟಕುವ ಎತ್ತರದಲ್ಲೇ ಹೂ ಕೊಡುತ್ತದೆ. ಇನ್ನೂ ಚಿಕ್ಕ ಜಾಗಕ್ಕೆ ಪಾರಿಜಾತ, ಮಂದಾರ ಸಾಕು.

ಹಲಸಿನ ಮರವನ್ನು ಮನೆಯ ಬಳಿ ನೆಡಬೇಕೆಂಬ ಆಸೆ ಸಹಜ. ಆದರೆ ಸಿದ್ದಾಪುರ, ತಿತಿಮತಿ ಸುತ್ತಮುತ್ತ ಹಣ್ಣಾಗುವ ಕಾಲಕ್ಕೆ ಆನೆಗಳು ಅದರ ಪರಿಮಳ ಹಿಡಿದು ಅಂಗಳಕ್ಕೇ ಬರುತ್ತವೆ. ಅಲ್ಲಿನವರು ಹೂಮರವನ್ನೇ ಆರಿಸುವುದು ಒಳಿತು.

ಜಾಗದ ಆಯ್ಕೆಯಲ್ಲಿ ನಾವು ತೋರುವ ಅಸಡ್ಡೆ ಜಾತಿಯ ಆಯ್ಕೆಯಲ್ಲಿ ತೋರುವುದಕ್ಕಿಂತ ಅಪಾಯಕಾರಿ. 2018ರ ಆಗಸ್ಟ್‌ನ ಭೂಕುಸಿತದ ದುರಂತದ ನಂತರ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ಎಂಬ ಮಾತು ಕೇಳಿದರೇ ನಮ್ಮ ಜನ ಬೆಚ್ಚುತ್ತಾರೆ. ಗುಡ್ಡವನ್ನು ಯಂತ್ರದಿಂದ ನೇರವಾಗಿ ಕಡಿದು ಮನೆಗೆ ಸಮತಟ್ಟು ಮಾಡಿಕೊಂಡು, ಕಡಿದ ಬರೆಯ ಅಂಚಿನಲ್ಲೇ ಚೆಂದಕ್ಕೆಂದು ದೊಡ್ಡ ಮರಗಳ ಸಾಲು ನೆಡುವ ಪದ್ಧತಿ ಈಗಲೂ ನಿಂತಿಲ್ಲ. ಮರದ ಬೇರು ಮಣ್ಣು ಹಿಡಿಯುತ್ತದೆ ಎಂಬುದು ನಿಜ. ಆದರೆ ನೇರ ಬರೆಯ ತುದಿಯಲ್ಲಿ ನಿಂತ ಮರಕ್ಕೆ ಒಂದು ಕಡೆ ಮಾತ್ರ ಬೇರು ಚಾಚಲು ಎಡೆಯಿರುತ್ತದೆ. ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಮರದ ಭಾರ ಬಿದ್ದು, ಗಾಳಿ ತಲೆಯನ್ನು ಹಿಡಿದು ತೂಗುವಾಗ ಬುಡವೇ ಸನ್ನೆಗೋಲಿನಂತೆ ವರ್ತಿಸಿ ಅಂಚನ್ನು ಬಿರಿಸುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಬರೆಯನ್ನು ಕೆಳಗೆ ತರುತ್ತದೆ. ಬರೆಯ ಮುಖಕ್ಕೆ ಲಾವಂಚದ ಹುಲ್ಲು, ಅಂಚಿಗೆ ತಗ್ಗಾದ ಪೊದೆಗಿಡಗಳು, ಮರಗಳಿಗೆ ಅಂಚಿನಿಂದ ಸಾಕಷ್ಟು ಹಿಂದೆ ಜಾಗ ಎಂಬ ಕ್ರಮ ಎಲ್ಲಕ್ಕಿಂತ ಕ್ಷೇಮ. ಸಮತಟ್ಟಾದ ಜಾಗದಲ್ಲಿಯೂ ದೊಡ್ಡ ಮರ ಗೋಡೆಯಿಂದ ಮೂವತ್ತು ಅಡಿ, ನಡುಗಾತ್ರದ್ದು ಹದಿನೈದಿಪ್ಪತ್ತು ಅಡಿ ದೂರವಿರಬೇಕು. ವಿದ್ಯುತ್ ತಂತಿಯ ಕೆಳಗೆ ಪಾರಿಜಾತಕ್ಕಿಂತ ಎತ್ತರದ್ದು ಬೇಡವೇ ಬೇಡ.

ತಂತಿಯ ಕೆಳಗೆ ನೆಟ್ಟ ಮರದ ಗತಿಯನ್ನು ಪ್ರತಿ ಮೇ ತಿಂಗಳಲ್ಲಿ ನೋಡುತ್ತೇವೆ. ತಲೆಯನ್ನೇ ಕತ್ತರಿಸಿ ಮೋಟು ಮಾಡಲಾಗುತ್ತದೆ. ಮೋಟಿನಿಂದ ಗುಂಪಾಗಿ ಏಳುವ ಕೊಂಬೆಗಳು ಮರದ ಹೊರಪದರಕ್ಕಷ್ಟೇ ಅಂಟಿಕೊಂಡಿರುತ್ತವೆ, ಒಳಗಿನ ತಿರುಳಿನಿಂದ ಹುಟ್ಟಿದವಲ್ಲ. ಹಾಗಾಗಿ ನಾಲ್ಕೈದು ವರ್ಷಗಳಲ್ಲಿ ದಪ್ಪವಾದಾಗ ಗಾಳಿಗೆ ಸಿಗಿದು ಬೀಳುತ್ತವೆ. ತೋಟದ ನೆರಳುಮರಗಳ ಕಪಾತಿನಲ್ಲಿ ಪಳಗಿದ ಕೆಲಸಗಾರರು ನಮ್ಮಲ್ಲಿದ್ದಾರೆ. ಅಂಗಳದ ಮರವನ್ನೂ ಅವರಿಂದಲೇ, ಎಳೆಯದಿರುವಾಗಲೇ ರೂಪಿಸಿಕೊಂಡರೆ ಇಂಥ ಮೋಟು ಕತ್ತರಿಯ ಅಗತ್ಯವೇ ಬೀಳುವುದಿಲ್ಲ.

ನೆಡುವ ಕಾಲದ ಬಗ್ಗೆಯೂ ಹೇಳಬೇಕು. ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ ಎಂದು ಆಗಲೇ ನೆಡುವುದು ವಾಡಿಕೆ. ಕುಶಾಲನಗರ ಭಾಗಕ್ಕೆ ಅದು ಸರಿ. ಆದರೆ ಮಡಿಕೇರಿ, ಭಾಗಮಂಡಲದ ಕಡೆ ಆ ವೇಳೆಗೆ ತೆಗೆದ ಗುಂಡಿ ನೀರು ತುಂಬಿ ಹೊಂಡವಾಗುತ್ತದೆ, ಎಳೆಯ ಬೇರು ಕೊಳೆಯುತ್ತದೆ. ಒಂದೋ ಮೇ ತಿಂಗಳ ಮಳೆಗೇ ನೆಟ್ಟು ಬುಡಕ್ಕೆ ಮಣ್ಣು ಏರಿಸಬೇಕು, ಇಲ್ಲವೇ ಕಕ್ಕಡ ಮಾಸದ (ಜುಲೈ–ಆಗಸ್ಟ್) ಜಡಿಮಳೆ ಕಳೆದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ನೆಡಬೇಕು. ಪಾಲಿಥಿನ್ ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯನ್ನು ಕತ್ತರಿಸದೆ ನೆಟ್ಟರೆ ಮರ ದೊಡ್ಡದಾದ ಮೇಲೂ ಬೇರು ಹೊರಕ್ಕೆ ಚಾಚದೆ, ಒಂದು ದಿನ ಬುಡಸಮೇತ ಉರುಳುತ್ತದೆ. ಬುಡದವರೆಗೆ ಇಂಟರ್‌ಲಾಕ್ ಹಾಸುವ ಈಗಿನ ಅಭ್ಯಾಸವನ್ನೂ ಬಿಟ್ಟು ಸುತ್ತ ಕನಿಷ್ಠ ನಾಲ್ಕಡಿಯಾದರೂ ಮಣ್ಣು ಬಿಡಬೇಕು.

ಇಷ್ಟೆಲ್ಲ ತಿಳಿದು ಹೋದರೂ ನರ್ಸರಿಯಲ್ಲಿ ಸುರಗಿಯಾಗಲಿ, ಸೀತೆಯ ಅಶೋಕವಾಗಲಿ, ಹೊಳೆದಾಸವಾಳವಾಗಲಿ ಸುಲಭವಾಗಿ ಸಿಗುವುದಿಲ್ಲ ಎಂಬುದೇ ನನ್ನ ಮುಖ್ಯ ದೂರು. ಅರಣ್ಯ ಇಲಾಖೆ ರಿಯಾಯಿತಿ ದರದಲ್ಲಿ ನೀಡುವ ಸಸಿಗಳಲ್ಲಿ ಮೋಪಿನ ಮರಗಳಿಗೇ ಹೆಚ್ಚಿನ ಸ್ಥಾನವಿದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ದೇವರಕಾಡಿನ ಆಡಳಿತ ಸಮಿತಿಗಳ ಒಪ್ಪಿಗೆ ಪಡೆದು, ಉದುರಿದ ಬೀಜಗಳನ್ನಷ್ಟೇ ಆಯ್ದು, ಮಹಾವಿದ್ಯಾಲಯದ ಮಾರ್ಗದರ್ಶನದಲ್ಲಿ ಊರ ಹೂಮರಗಳ ಸಸಿ ಬೆಳೆಸಿ ಹಂಚಲು ಅರಣ್ಯ ಮತ್ತು ತೋಟಗಾರಿಕಾ ಇಲಾಖೆಗಳು ಮುಂದಾಗಬೇಕು. ಮಡಿಕೇರಿಯ ರಾಜಾಸೀಟಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಇವುಗಳಿಗೊಂದು ಮಳಿಗೆ ಮೀಸಲಿಡಬಹುದು. ಜೊತೆಗೆ, ಸರ್ಕಾರಿ ಮತ್ತು ಖಾಸಗಿ ನರ್ಸರಿಗಳೆಲ್ಲವೂ ಪ್ರತಿ ಸಸಿಯ ಮೇಲೆ ಅದರ ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಮೂಲಸ್ಥಾನ ಮತ್ತು ಬೆಳೆದಾಗಿನ ಎತ್ತರವನ್ನು ಬರೆದ ಚೀಟಿ ಕಟ್ಟುವುದನ್ನು ಕಡ್ಡಾಯಗೊಳಿಸಬೇಕು. ಸೆನ್ನಾ ಸ್ಪೆಕ್ಟಾಬಿಲಿಸ್ ಮತ್ತು ನೀರುಕಾಯಿ ಮರದ ಸಸಿಗಳ ಮಾರಾಟವನ್ನು ಈ ಮಳೆಗಾಲದಿಂದಲೇ ಜಿಲ್ಲೆಯಲ್ಲಿ ನಿಲ್ಲಿಸಬೇಕು ಎಂದು ಜಿಲ್ಲಾಡಳಿತವನ್ನು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಪೊನ್ನಂಪೇಟೆ ತಾಲ್ಲೂಕು, ದಕ್ಷಿಣ ಕೊಡಗು